ಸಂಖ್ಯೆ ಬರೆಯದ ಚೀಟಿ

ವಾಂಗ್ ನದಿಯ ದಂಡೆ ಮನೆ
ಭಾನುವಾರ, ೧೨ ಮೇ, ಬುದ್ಧ ಶಕೆ ೨೫೫೬

ಥನಿತ್ ಅವರಿಗೆ ಕನ್ನಿಕಾ ಮಾಡುವ ವಂದನೆ.

ನಿಮ್ಮ ಆಹ್ವಾನಪತ್ರ ತಲುಪಿತು. ದಪ್ಪ ಕಾಗದ, ಚಿನ್ನದ ಅಂಚು, ಮೂರು ದೇಶಗಳ ಬಾವುಟ. ಕೆಳಗೆ ನಿಮ್ಮ ಕೈಯಿಂದಲೇ ಎರಡು ಸಾಲು ಬರೆದಿದ್ದೀರಿ: ಈ ಸಲವಾದರೂ ಬಾ, ಇದು ನಮ್ಮಿಬ್ಬರ ಕೆಲಸ, ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿ ನಿನ್ನದು. ಅಕ್ಷರ ಇನ್ನೂ ಹಾಗೇ ಇದೆ, ಔಷಧಿ ಅಂಗಡಿಯವರಿಗೆ ಬಿಟ್ಟರೆ ಓದಲು ಬರುವುದು ನನಗೊಬ್ಬಳಿಗೇ. ಹದಿನೈದು ವರ್ಷದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮನಸ್ಸು ಮಾಡಿದ್ದೀರಿ. ಬೇರೆ ಕಾಲದಲ್ಲಾದರೆ ಸಂತೋಷಪಡುತ್ತಿದ್ದೆ.

ನಾನು ಬರುವುದಿಲ್ಲ. ಕಾರಣ ಉದ್ದವಿದೆ. ಬಾಗಿಲು ಹಾಕಿಕೊಂಡು ನೀವೇ ಓದಿ, ಆ ಸೆಕ್ರೆಟರಿ ಹುಡುಗಿಯ ಕೈಗೆ ಕೊಟ್ಟು ಸಾರಾಂಶ ಮಾಡಿಸಬೇಡಿ.

ಮೂವತ್ತನೇ ತಾರೀಖು ನಿಮ್ಮ ಸಮಿತಿ ಒಂದು ತೀರ್ಮಾನ ಮಾಡಲಿದೆ. ಕಬ್ಬಿಣ ಇಳಿಸುವ ಮಾತ್ರೆ ನುಂಗುವ ಮಕ್ಕಳ ರಕ್ತವನ್ನು ಇನ್ನು ಮುಂದೆ ವಾರಕ್ಕೊಮ್ಮೆ ನೋಡಬೇಕಾಗಿಲ್ಲ, ತಿಂಗಳಿಗೊಮ್ಮೆ ನೋಡಿದರೆ ಸಾಕು ಎನ್ನುವ ತೀರ್ಮಾನ. ಮೂರು ದೇಶಗಳ ಗುಡ್ಡಗಾಡಿನ ಆಸ್ಪತ್ರೆಗಳು ಅದರಂತೆ ನಡೆಯುತ್ತವೆ. ಅದಕ್ಕೆಲ್ಲ ಆಧಾರ ನಮ್ಮಿಬ್ಬರ ಹೆಸರಿನ ಲೇಖನ. ಅರವತ್ತೆರಡು ಮಕ್ಕಳು, ಹನ್ನೊಂದು ತಿಂಗಳು, ಒಂದೂ ಸಾವಿಲ್ಲ ಎಂದು ಅದರಲ್ಲಿ ಬರೆದಿದ್ದೇವೆ. ಆ ಅರವತ್ತೆರಡರಲ್ಲಿ ಒಬ್ಬಳು ಸತ್ತಿದ್ದಾಳೆ. ಆ ಮಾತ್ರೆಯಿಂದಲೇ ಸತ್ತಿದ್ದಾಳೆ. ಅದನ್ನು ಹೇಳಲು ಈ ಕಾಗದ.

ನಿಮಗೆ ಗೊತ್ತಿರುವ ಸಂಗತಿಯನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡಿ. ಇದರ ಸ್ವಲ್ಪ ಭಾಗವನ್ನು ಸಮಿತಿಯವರಿಗೂ ತೋರಿಸಬೇಕಾಗಬಹುದು. ಇನ್ನೊಂದು ಕಾರಣವೂ ಇದೆ. ಮೊದಲಿನಿಂದ ಹೇಳದೆ ಕೊನೆಯನ್ನು ಹೇಳುವ ಧೈರ್ಯ ನನಗಿಲ್ಲ.

ನಾನು ಇಲ್ಲಿನ ಜಿಲ್ಲಾ ಆಸ್ಪತ್ರೆಗೆ ಬಂದಾಗ ಮಕ್ಕಳ ರಕ್ತದ ವಾರ್ಡಿನಲ್ಲಿ ಹದಿನಾರು ಹಾಸಿಗೆ, ನಲವತ್ತು ಮಕ್ಕಳು. ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಮಕ್ಕಳು. ತಿಂಗಳಿಗೊಂದು ಚೀಲ ಬೇರೆಯವರ ರಕ್ತ ಏರಿಸಿದರೆ ಅವರು ಓಡಾಡುತ್ತಾರೆ, ಆದರೆ ಆ ಚೀಲದ ಕಬ್ಬಿಣ ಒಳಗೇ ಉಳಿದು ಹೃದಯಕ್ಕೆ, ಯಕೃತ್ತಿಗೆ ಕೂರುತ್ತದೆ. ನಾವು ಬದುಕಿಸಲು ಕೊಟ್ಟದ್ದೇ ಹದಿನೈದು ಹದಿನಾರನೇ ವಯಸ್ಸಿಗೆ ಕೊಲ್ಲುತ್ತದೆ. ಅದನ್ನು ಇಳಿಸಲು ಆಗ ಇದ್ದದ್ದು ಪಂಪು ಒಂದೇ. ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ಗಂಟೆ ಮಲಗಬೇಕು. ಮಕ್ಕಳು ಸೂಜಿಯನ್ನು ಅಕ್ಕಿ ಮಡಕೆಯಲ್ಲಿ ಬಚ್ಚಿಡುತ್ತಿದ್ದರು. ತಾಯಂದಿರೂ ಕೆಲವು ಸಲ ಕಂಡೂ ಕಾಣದ ಹಾಗೆ ಇರುತ್ತಿದ್ದರು, ಅವರನ್ನು ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಮಾರುಕಟ್ಟೆ ಎದುರಿನ ಶ್ಯಾವಿಗೆ ಅಂಗಡಿಯಲ್ಲಿ ನೀವು ಒಂದು ಹರಕೆ ಹೊತ್ತಿರಿ. "ಬರೀ ಮಾತ್ರೆ ನುಂಗಿದ್ರೆ ಸಾಕು ಅನ್ನೋ ದಿನ ಬಂದ್ರೆ ತಲೆ ಬೋಳಿಸ್ಕೊಂಡು ಒಂದು ತಿಂಗಳು ವಿಹಾರದಲ್ಲಿ ಭಿಕ್ಕು ಆಗಿರ್ತೀನಿ ನೋಡು" ಎಂದಿರಿ. ಅಂಗಡಿಯಾಕೆ, "ಮಧ್ಯಾಹ್ನದ ಮೇಲೆ ಊಟ ಇಲ್ಲ ಕಣಪ್ಪ ಅಲ್ಲಿ, ನಿನ್ನ ಹೊಟ್ಟೆ ನೋಡಿದ್ರೆ ಎರಡು ದಿನಕ್ಕೆ ವಾಪಸ್ ಬರ್ತೀಯ" ಎಂದು ನಕ್ಕಳು. ಲೇಖನ ಅಚ್ಚಾದ ಮೇಲೆ ನೀವು ಭಿಕ್ಕು ಆದದ್ದು ಕೇಳಿದೆ. ಏಳೇ ದಿನವಂತೆ. ಪುಣ್ಯ ಕಡಿಮೆಯಾಯಿತೆಂದು ನಾನೇನೂ ದೂರುವುದಿಲ್ಲ.

ಆಮೇಲೆ ನಮ್ಮ ಮಗು. ೨೫೩೭ರ ಮಳೆಗಾಲ. ಏಳು ತಿಂಗಳಿಗೆ ಹೊರಗೆ ಬಂದಳು, ಮೈಯೆಲ್ಲ ಬಾತು, ಉಸಿರಿಲ್ಲದೆ. ನಾವಿಬ್ಬರೂ ಒಂದೇ ದೋಷವನ್ನು ರಕ್ತದಲ್ಲಿ ಹೊತ್ತವರು. ಸಾವಿರಾರು ದಂಪತಿಗಳನ್ನು ಕೂರಿಸಿ, ರಕ್ತ ನೋಡಿಸಿಕೊಳ್ಳದೆ ಮಗುವಿಗೆ ಆಸೆಪಡಬೇಡಿ ಎಂದು ಬುದ್ಧಿ ಹೇಳಿದ ನಾವು ನಮ್ಮ ರಕ್ತ ನೋಡಿಕೊಂಡಿರಲಿಲ್ಲ. ಇಬ್ಬರೂ ಡಾಕ್ಟರು, ನಮಗೇಕೆ ಎಂಬ ಸೊಕ್ಕು. ಅವಳಿಗೆ ಒಂದು ಹೆಸರು ಹುಡುಕಿಟ್ಟಿದ್ದೆವು. ಆ ಹೆಸರನ್ನು ಈ ಮನೆಯಲ್ಲಿ ಇನ್ನು ಎತ್ತಬಾರದು ಎಂದು ನೀವು ಹೇಳಿದಿರಿ. ನಾನು ಹೂಂ ಎಂದೆ. ಅದಾದ ಮೇಲೆ ನಾವು ಮಾತಾಡಿದ್ದು ಅನ್ನ ಬೆಂದಿದೆಯೇ, ಗಾಡಿಗೆ ಪೆಟ್ರೋಲ್ ಇದೆಯೇ ಎಂಬಷ್ಟೇ. ಬ್ಯಾಂಕಾಕಿನ ಕೆಲಸ ಬಂದಾಗ ನೀವು ಒಂದೇ ಪೆಟ್ಟಿಗೆ ತೆಗೆದುಕೊಂಡು ಹೋದಿರಿ. ನಿಲ್ಲಿ ಎನ್ನಲಿಲ್ಲ ನಾನು. ಅದಕ್ಕೆ ಈಗಲೂ ನೋವಿದೆ.

ಮದುವೆ ಸೊರಗಿತು, ಕೆಲಸ ಸೊರಗಲಿಲ್ಲ. ಮಾತ್ರೆಯ ಪ್ರಯೋಗಕ್ಕೆ ಅನುಮತಿ ಬಂದಾಗ ನೀವೇ ಫೋನ್ ಮಾಡಿ ಪಾಲು ಹಂಚಿದಿರಿ: ಚಿಕಿತ್ಸೆ ನನ್ನದು, ಅಂಕೆ ನಿಮ್ಮದು. ಮಾತ್ರೆ ಕೊಡುವ ಡಾಕ್ಟರು ರಕ್ತದ ಲೆಕ್ಕ ನೋಡಿದರೆ ಮನಸ್ಸು ಒಂದು ಕಡೆ ವಾಲುತ್ತದೆ, ಆದ್ದರಿಂದ ಫಲಿತಾಂಶ ನೇರ ನಿಮ್ಮಲ್ಲಿಗೇ ಬರಬೇಕು, ನನ್ನ ಕಣ್ಣಿಗೆ ಬೀಳಕೂಡದು. ಶಾಸ್ತ್ರ ಹೇಳುವುದು ಹಾಗೇ. ನಾನು ಒಪ್ಪಿದೆ. ಈ ಮಾತ್ರೆಯ ಒಂದು ಅಪಾಯ ಇಬ್ಬರಿಗೂ ಗೊತ್ತಿತ್ತು. ಕೆಲವೇ ಕೆಲವರಲ್ಲಿ, ಹೇಳದೆ ಕೇಳದೆ, ಸೋಂಕಿನ ಜೊತೆ ಹೊಡೆದಾಡುವ ಬಿಳಿ ಕಣಗಳು ಒಂದೇ ವಾರದಲ್ಲಿ ಇಲ್ಲವಾಗುತ್ತವೆ. ಆಗ ಸಾಧಾರಣ ಜ್ವರವೂ ಕೊಲ್ಲುತ್ತದೆ. ಅದಕ್ಕೇ ಪ್ರತಿ ಗುರುವಾರ ರಕ್ತ ತೆಗೆಯುವ ಕಟ್ಟಲೆ. ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಕೊಳವೆಗೆ ರಕ್ತ ತುಂಬಿ ಹೆಸರು ಬರೆಯುವುದು, ಐಸ್ ಡಬ್ಬಿ ತರಕಾರಿ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಬರುವುದು, ಅಲ್ಲಿ ಲ್ಯಾಬಿನ ಪ್ರಸೋಂಗ್ ಎಣಿಸಿ ಪಟ್ಟಿಯಲ್ಲಿ ಮಗುವಿನ ಸಂಖ್ಯೆ ಹುಡುಕಿ ಬರೆಯುವುದು. ಲೆಕ್ಕ ಸರಿ ಇದ್ದರೆ ವಾರದ ಕಟ್ಟಿನಲ್ಲಿ ಅಂಚೆಗೆ. ಬಿಳಿ ಕಣ ಬಿದ್ದಿದ್ದರೆ ಆ ಗಳಿಗೆಯಲ್ಲೇ ಫ್ಯಾಕ್ಸ್, ನಿಮ್ಮ ಮೇಜಿಗೆ. ನೀವು ಹಳ್ಳಿಗೆ ಫೋನ್ ಮಾಡಿ ಮಾತ್ರೆ ನಿಲ್ಲಿಸಬೇಕು.

ಮೂವತ್ತೊಂದನೇ ಸಂಖ್ಯೆಯ ಮಗುವಿನ ಹೆಸರು ದುವಾನ್. ನಿಮ್ಮ ಕೋಷ್ಟಕದಲ್ಲಿ ಅವಳೊಂದು ಸಾಲು, ನೀವು ಅವಳನ್ನು ಕಂಡವರಲ್ಲ. ಹನ್ನೆರಡು ವರ್ಷ, ನೋಡಿದರೆ ಎಂಟು. ನಾಲಿಗೆ ಮಾತ್ರ ಇಪ್ಪತ್ತರದು. "ಡಾಕ್ಟ್ರಮ್ಮ, ನನ್ನೊಳಗೆ ಅಷ್ಟೊಂದು ಕಬ್ಬಿಣ ಇದೆ ಅಂತೀರಲ್ಲ, ಅಯಸ್ಕಾಂತ ಹಿಡಿದ್ರೆ ಅಂಟುತ್ತಾ?" ಎಂದು ಕೇಳಿ, ಮುಂದಿನ ಸಲ ಶಾಲೆಯಿಂದ ನಿಜವಾಗಿಯೂ ಅಯಸ್ಕಾಂತ ತಂದು ಊದಿದ ಹೊಟ್ಟೆಯ ಮೇಲೆ ಇಟ್ಟುಕೊಂಡು ನೋಡಿದಳು. ಜಾರಿ ಬಿತ್ತು. "ನಿಮ್ಮ ಮಿಶಿನ್ನೇ ಸುಳ್ಳು" ಎಂದು ವಾರ್ಡಿಗೆಲ್ಲ ಸಾರಿದಳು. ಪಂಪಿನ ಸೂಜಿ ಬಿಟ್ಟು ಮಾತ್ರೆಗೆ ಬಂದ ದಿನ ಅವಳ ತಾಯಿ ಬುವಾ ನನ್ನ ಕಾಲಿಗೆ ಬಿದ್ದದ್ದು ನೆನಪಿದೆ. ಶಾಲೆಯ ಗೇಟಿನ ಬಳಿ ಬಾಳೆಲೆಯಲ್ಲಿ ಅಂಟಕ್ಕಿ ಅನ್ನ ಕಟ್ಟಿ ಮಾರುವ ಹೆಂಗಸು, ಗಂಡ ಇಲ್ಲ, ಇದ್ದದ್ದು ಇವಳೊಬ್ಬಳು.

ಏಳು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ೨೫೪೧ರ ಹೊಸವರ್ಷದ ನೀರಾಟ ಮುಗಿದ ಮೇಲೆ ಬುವಾ ಮಗಳನ್ನು ಊರಿನ ವಿಹಾರಕ್ಕೆ ಕರೆದುಕೊಂಡು ಹೋದಳು. ಹಿರಿಯ ಭಿಕ್ಕು ಹುಟ್ಟಿದ ವಾರ ಕೇಳಿದರು. ಗುರುವಾರ ಎಂದಾಗ, ಗುರುವಾರ ಹುಟ್ಟಿದವಳ ಹೆಸರಿನಲ್ಲಿ ದ, ನ ಇಂಥ ಅಕ್ಷರಗಳು ಇರಲೇಬಾರದು, ಕಾಯಿಲೆ ಬಿಡದೆ ಇರುವುದು ಅದಕ್ಕೇ, ಹೆಸರು ಬದಲಿಸಿ ಎಂದರು. ನಮ್ಮಲ್ಲಿ ಎಷ್ಟು ಜನ ಬದಲಿಸಿಲ್ಲ. ನಿಮ್ಮ ಅತ್ತಿಗೆಯೇ ಮೂರು ಸಲ ಬದಲಿಸಿದ್ದಾರೆ. ಹೊಸ ಹೆಸರು ಸಿಕ್ಕಿತು. ಏಪ್ರಿಲ್ ಇಪ್ಪತ್ತನಾಲ್ಕು, ಶುಕ್ರವಾರ, ತಾಯಿ ಮಗಳು ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಹೊಸ ಹೆಸರಿನ ಕಾಗದ ತಂದರು. ಮುಂಗೈಗೆ ಬಿಳಿ ನೂಲು ಕಟ್ಟಿಸಿದರು. ಅವತ್ತಿನಿಂದ ಹಳೆಯ ಹೆಸರು ಹಿಡಿದು ಯಾರೂ ಕರೆಯಬಾರದು, ಕರೆದರೆ ಹಳೆಯ ಕಂಟಕ ದಾರಿ ಹುಡುಕಿಕೊಂಡು ಬರುತ್ತದೆ. ತಪ್ಪಿ ಕರೆದವರು ಒಂದು ಮೊಟ್ಟೆ ದಂಡ ಕೊಡಬೇಕೆಂದು ಹುಡುಗಿ ಕಟ್ಟು ಮಾಡಿದ್ದಳಂತೆ. ನಾಲ್ಕು ದಿನಕ್ಕೆ ಏಳು ಮೊಟ್ಟೆ ಗಳಿಸಿದಳು.

ಮುಂದಿನ ಗುರುವಾರ, ಏಪ್ರಿಲ್ ಮೂವತ್ತು, ಆರೋಗ್ಯ ಕೇಂದ್ರದ ನರ್ಸ್ ಕೊಳವೆಯ ಮೇಲೆ ಹೊಸ ಹೆಸರು ಬರೆದಳು. ಹಳೆಯದನ್ನು ಪಕ್ಕದಲ್ಲಿ ಬರೆದಿದ್ದರೆ ಸಾಕಿತ್ತು. ಅವಳೂ ಅದೇ ಊರಿನವಳು, ಹಳೆಯ ಹೆಸರು ಬರೆದು ಕಾಯಿಲೆ ಮಗುವಿಗೆ ಕೆಡುಕು ತರಲು ಅವಳ ಕೈ ಏಳಲಿಲ್ಲ. ಸಂಖ್ಯೆ ಹಾಕುವುದು ಹೇಗೂ ಪ್ರಸೋಂಗನ ಕೆಲಸ. ಪ್ರಸೋಂಗ್ ಪಟ್ಟಿಯಲ್ಲಿ ಆ ಹೆಸರು ಹುಡುಕಿದ, ಸಿಗಲಿಲ್ಲ. ಸಂಖ್ಯೆಯ ಜಾಗದಲ್ಲಿ ಒಂದು ಗೀಟು ಎಳೆದ. ರಕ್ತ ಎಣಿಸಿದ. ಬಿಳಿ ಕಣ ಇಲ್ಲವೇ ಇಲ್ಲ ಎನ್ನುವಷ್ಟು. ಯಂತ್ರ ಕೆಟ್ಟಿತೇನೋ ಎಂದು ಎರಡನೇ ಸಲ ಹಾಕಿದ. ಗಾಜಿನ ಮೇಲೆ ಸವರಿ ಕಣ್ಣಿನಿಂದಲೇ ನೋಡಿದ. ನಮಗೆ ಬೇಕಾದ ಜಾತಿಯ ಕಣ ಒಂದೂ ಸಿಗಲಿಲ್ಲ. ಯಾರ ರಕ್ತವೆಂದು ಅವನಿಗೆ ತಿಳಿಯದು, ಆದರೆ ಬಂದದ್ದು ನಮ್ಮ ಡಬ್ಬಿಯಲ್ಲಿ. ಕಟ್ಟಲೆಯಂತೆ ಸಂಜೆ ನಾಲ್ಕು ಹತ್ತಕ್ಕೆ ನಿಮಗೆ ಫ್ಯಾಕ್ಸ್ ಕಳಿಸಿದ. ಮನೆತನದ ಹೆಸರು ಚೀಟಿಯಲ್ಲಿಲ್ಲ, ಇಲ್ಲಿ ಅದನ್ನು ಬಳಸುವವರು ಯಾರು? ಹೆಸರು, ಗೀಟು, ಲೆಕ್ಕ, ವೈದ್ಯರ ಜಾಗದಲ್ಲಿ ನನ್ನ ಹೆಸರು. ಇಷ್ಟೇ.

ಆ ಚೀಟಿ ನಿಮಗೆ ತಲುಪಿತು. ಅದು ನನಗೆ ಹೇಗೆ ಗೊತ್ತು ಎಂದರೆ, ಐದೂವರೆಗೆ ನೀವು ವಾರ್ಡಿಗೆ ಫೋನ್ ಮಾಡಿದಿರಿ. ಹಳ್ಳಿಗಲ್ಲ, ನನಗೆ. "ಇಂಥದ್ದು ನೀನು ಮಾಡ್ಬಾರ್ದಿತ್ತು ಕನ್ನಿಕಾ. ಇಷ್ಟು ಕ್ರೂರಿ ಅಂತ ಗೊತ್ತಿರ್ಲಿಲ್ಲ" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಿರಿ.

ಎರಡು ದಿನದ ಹಿಂದೆಯಷ್ಟೇ, ಮಂಗಳವಾರ, ನಾವು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ್ದೆವು. ಸಹಿ ಆದ ಮೇಲೆ, ಕೊನೆಯದಾಗಿ ಒಟ್ಟಿಗೆ ಊಟ ಮಾಡೋಣ ಎಂದು ನೀವು ಕರೆದಿರಿ, ನಾನು ತಿರುಗಿ ನೋಡದೆ ಬಸ್ಸು ಹತ್ತಿದ್ದೆ. ಫೋನಿನಲ್ಲಿ ನೀವು ಅದನ್ನೇ ಹೇಳುತ್ತಿದ್ದೀರಿ ಎಂದುಕೊಂಡೆ. ಒಂದು ಊಟಕ್ಕೆ ಇಷ್ಟು ದೊಡ್ಡ ಮಾತೇ ಎಂದು ಹಲ್ಲು ಕಚ್ಚಿಕೊಂಡು, ತಿರುಗಿ ಫೋನ್ ಮಾಡಲಿಲ್ಲ. ನಾನೇನು ಮಾಡಿದೆ ಎಂದು ನಾನು ಕೇಳಲಿಲ್ಲ. ಇದು ಯಾರ ಚೀಟಿ ಎಂದು ನೀವು ಕೇಳಲಿಲ್ಲ. ಅವತ್ತು ಇಬ್ಬರಲ್ಲಿ ಒಬ್ಬರು ಕೇಳಿದ್ದರೂ ಸಾಕಿತ್ತು.

ಶುಕ್ರವಾರ ಹುಡುಗಿಗೆ ಜ್ವರ ಬಂತು, ಬಾಯೊಳಗೆ ಹುಣ್ಣು. ಹೊಸ ಹೆಸರು ಮೈಗೆ ಹೊಂದಲು ಒಂದು ವಾರ ಬೇಕೆಂದು ಅಕ್ಕಪಕ್ಕದವರು ಹೇಳಿದರು. ಆದರೂ ಬುವಾ ಶನಿವಾರ ಗಾಡಿ ನಿಲ್ಲುವ ಜಾಗಕ್ಕೆ ಮಗಳನ್ನು ಹೊತ್ತು ಬಂದಿದ್ದಳು. ಜ್ವರ ಬಂದರೆ ಕಾಯದೆ ಬನ್ನಿ ಎಂದು ನಾನು ನೂರು ಸಲ ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಅಲ್ಲಿ ಯಾರೋ ಹೇಳಿದರು, ಡಾಕ್ಟ್ರಮ್ಮನ ಮನೆ ಮುರಿಯಿತಂತೆ, ಅತ್ತು ಅತ್ತು ಮುಖ ಊದಿದೆಯಂತೆ ಎಂದು. ಬುವಾ ಹಿಂದಿರುಗಿ ಮನೆಗೆ ಹೋದಳು. ನೊಂದವರಿಗೆ ಇನ್ನೊಂದು ಭಾರ ಹೊರಿಸುವುದು ಹೇಗೆಂದು ಅವಳಿಗೆ ಸಂಕೋಚ. ನಮ್ಮ ಜನರ ಈ ಸಂಕೋಚ ನಿಮಗೂ ಗೊತ್ತು, ನನಗೂ ಗೊತ್ತು, ಅದನ್ನು ನಾವು ಮಕ್ಕಳಿಗೆ ಒಳ್ಳೆಯ ಗುಣವೆಂದೇ ಕಲಿಸುತ್ತೇವೆ. ಸೋಮವಾರ ಸಂಜೆ ತಾಲ್ಲೂಕು ಆಸ್ಪತ್ರೆಗೆ ತಂದಾಗ ಮಗುವಿಗೆ ಎಚ್ಚರವಿರಲಿಲ್ಲ. ಮಂಗಳವಾರ ಬೆಳಿಗ್ಗೆ ಹೋದಳು. ರಕ್ತಕ್ಕೆ ನಂಜು ಎಂದು ಬರೆದರು, ಹೊಸ ಹೆಸರಿನಲ್ಲಿ.

ಇಲ್ಲಿಂದ ಮುಂದೆ ನನ್ನ ತಪ್ಪು. ಇದನ್ನು ನೀವು ಕೇಳಿಲ್ಲ.

ಜೂನ್ ಮೊದಲ ವಾರ ಬುವಾ ನನ್ನನ್ನು ನೋಡಲು ಬಂದಳು. ಸೂತಕದ ಬಿಳಿ ಬಟ್ಟೆ, ಕೈಯಲ್ಲಿ ಬಾಳೆಲೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಮಾತ್ರೆಯ ಡಬ್ಬಿ. "ಮೂವತ್ತೆಂಟು ಮಾತ್ರೆ ಉಳ್ಕೊಂಡಿದೆ ಡಾಕ್ಟ್ರಮ್ಮ. ಒದ್ದೆ ಆಗಿಲ್ಲ, ಹಾಗೇ ಇಟ್ಟಿದ್ದೆ. ಬೇರೆ ಮಕ್ಕಳಿಗೆ ಆಗುತ್ತೆ" ಎಂದಳು. ಆಮೇಲೆ ಮಗಳು ಸತ್ತದ್ದನ್ನು ಹೇಳಿದಳು. ಹೇಳುವಾಗ ನನ್ನನ್ನೇ ಸಮಾಧಾನ ಮಾಡಿದಳು. "ನೀವು ಏನೂ ಅಂದ್ಕೋಬೇಡಿ. ನಿಮ್ಮಿಂದ ಏಳು ತಿಂಗಳು ಸೂಜಿ ಇಲ್ದೆ ಮಲಗಿದ್ಲು."

ಜ್ವರ, ಬಾಯಲ್ಲಿ ಹುಣ್ಣು, ಐದು ದಿನದಲ್ಲಿ ಸಾವು. ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುತ್ತದೆ ಇದೇನೆಂದು. ನನಗೂ ತಿಳಿಯಿತು, ಥನಿತ್. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ನಿಂತಾಗಲೇ ತಿಳಿಯಿತು. ನಿಮ್ಮಲ್ಲಿಂದ ಬಂದ ಕೋಷ್ಟಕ ಮೇಜಿನ ಮೇಲಿತ್ತು. ಮೂವತ್ತೊಂದನೇ ಸಾಲಿನಲ್ಲಿ ಏಪ್ರಿಲ್ ಇಪ್ಪತ್ತಮೂರರ ರಕ್ತ ಸರಿಯಿದೆ, ಆಮೇಲೆ ಖಾಲಿ. ಕೊನೆಯ ಅಂಕಣದಲ್ಲಿ ನೀವು ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ನನ್ನನ್ನು ಕೇಳಿದ್ದಿರಿ. ನಾನು ಅದನ್ನು ಅಳಿಸಿ, ಶಾಯಿಯಲ್ಲಿ, 'ಮುಂದೆ ಬರಲಿಲ್ಲ' ಎಂದು ಬರೆದು ಸಹಿ ಹಾಕಿದೆ.

ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಅವಳು ಬರಲಿಲ್ಲ ತಾನೇ? ಇಂಥ ಮಕ್ಕಳಿಗೆ ಎಷ್ಟೋ ಜ್ವರ ಬರುತ್ತವೆ, ರಕ್ತ ನೋಡದೆ ಮಾತ್ರೆಯ ಮೇಲೆ ಹೊರಿಸುವುದು ಹೇಗೆ ಎಂದೂ ಹೇಳಿಕೊಂಡೆ. ನಿಜ ಬೇರೆ. ಆ ಲೇಖನ ಮಾತ್ರ ನಮ್ಮಿಬ್ಬರಿಂದ ಹುಟ್ಟಿ ಉಳಿದಿತ್ತು. ಅದೂ ಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಉಳಿದ ಮಕ್ಕಳಿಗೆ ಸೂಜಿ ತಪ್ಪುತ್ತದೆ ಎಂಬ ಒಳ್ಳೆಯ ಕಾರಣವೂ ಕೈಗೆ ಸಿಕ್ಕಿತು. ಒಳ್ಳೆಯ ಕಾರಣ ಸಿಕ್ಕಿದ್ದೇ ನನ್ನ ದುರದೃಷ್ಟ. ಹದಿನೈದು ವರ್ಷ ನಾನು ಅದರ ಮೇಲೆ ಮಲಗಿದೆ. ವಾರಕ್ಕೊಮ್ಮೆ ರಕ್ತ ನೋಡುವ ಕಟ್ಟಲೆ ಇರುವವರೆಗೆ ಇನ್ನೊಂದು ಮಗುವಿಗೆ ಹೀಗಾಗದು ಎಂಬ ಧೈರ್ಯವಿತ್ತು. ಈಗ ನೀವು ಅದನ್ನೇ ತೆಗೆಯಲು ಹೊರಟಿದ್ದೀರಿ. ನಾನು ಬರೆದ ಎರಡು ಪದ ನಂಬಿಕೊಂಡು ತೆಗೆಯುತ್ತಿದ್ದೀರಿ.

ಈ ಮಾರ್ಚಿನಲ್ಲಿ ಪ್ರಸೋಂಗ್ ನಿವೃತ್ತನಾದ. ಹೋಗುವ ಮುಂಚೆ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ. ಅವನು ಕಳಿಸಿದ ಪ್ರತಿ ಫ್ಯಾಕ್ಸಿನ ಮೂಲ ಚೀಟಿ, ಅದಕ್ಕೆ ಪಿನ್ನು ಚುಚ್ಚಿದ ರಶೀದಿ. "ಇವನ್ನ ನಾನು ಸುಡೋದೋ, ನೀವು ಇಟ್ಕೋತೀರೋ?" ಎಂದು ಕೇಳಿದ. ಆಮೇಲೆ ತಲೆ ಕೆರೆದುಕೊಂಡು, "ಒಂದು ಚೀಟಿಗೆ ಬ್ಯಾಂಕಾಕಿಂದ ಉತ್ತರಾನೇ ಬರ್ಲಿಲ್ಲ ಡಾಕ್ಟ್ರಮ್ಮ. ದೊಡ್ಡೋರು ನೋಡ್ಕೊಂಡಿರ್ತಾರೆ ಅಂತ ಸುಮ್ನಾದೆ. ಆದ್ರೂ ಮನಸ್ಸಲ್ಲಿ ಕೊರೀತಿತ್ತು" ಎಂದ. ಯಾವ ಚೀಟಿ ಎಂದು ನಾನು ಕೇಳಲಿಲ್ಲ. ಅವನು ಹೋದ ಮೇಲೆ ಡಬ್ಬಿ ಸುರಿದು ಹುಡುಕಿದೆ. ಏಪ್ರಿಲ್ ಮೂವತ್ತು, ನಾಲ್ಕು ಹತ್ತು. ಹೆಸರು ಓದಿದಾಗ ನಿಮ್ಮ ಫೋನು ನೆನಪಿಗೆ ಬಂತು, ಅವತ್ತು ನೀವು ಆಡಿದ ಮಾತಿನ ಅರ್ಥವೂ ಆಯಿತು. ಚೀಟಿಯ ನಕಲು ಈ ಕಾಗದದ ಜೊತೆಗಿದೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನೀವೇ ನೋಡಿ.

ಚೀಟಿ ನಿಮ್ಮ ಹತ್ತಿರವಿತ್ತು, ಸಾವು ನನ್ನ ಹತ್ತಿರವಿತ್ತು. ಅರ್ಧ ನೀವು ಮುಚ್ಚಿಟ್ಟಿರಿ, ಅರ್ಧ ನಾನು. ಕೈಜೋಡಿಸಿ ಕೆಲಸ ಮಾಡುವುದಕ್ಕೆ ನಮ್ಮನ್ನು ಉದಾಹರಣೆ ಎಂದು ತೋರಿಸುತ್ತಾರಂತೆ, ನಿಮ್ಮ ವಿದ್ಯಾರ್ಥಿಯೊಬ್ಬಳು ಹೇಳಿದಳು. ನಾನು ನಕ್ಕುಬಿಟ್ಟೆ, ಆ ಹುಡುಗಿ ಗಾಬರಿಯಾದಳು.

ಹೋದ ಭಾನುವಾರ ಬುವಾಳ ಮನೆಗೆ ಹೋಗಿದ್ದೆ. ಅವಳಿಗೆ ಮೊದಲು ಹೇಳದೆ ನಿಮಗೆ ಬರೆಯುವುದು ಸರಿಯಲ್ಲ ಅನ್ನಿಸಿತು. ಈಗಲೂ ಅನ್ನ ಕಟ್ಟಿ ಮಾರುತ್ತಾಳೆ, ಬೆನ್ನು ಬಾಗಿದೆ. ಲೀಚಿ ಹಣ್ಣು ಸುಲಿದು ತಟ್ಟೆಯಲ್ಲಿಟ್ಟು, ತಿನ್ನಿ ತಿನ್ನಿ ಎಂದು ಒತ್ತಾಯ ಮಾಡಿದಳು. ನಾನು ಎಲ್ಲವನ್ನೂ ಹೇಳಿದೆ. ಮಾತ್ರೆ, ಚೀಟಿ, ಫೋನು, ನಾನು ಬರೆದ ಎರಡು ಪದ, ಯಾವುದನ್ನೂ ಬಿಡಲಿಲ್ಲ. ಹಣ್ಣು ಸುಲಿಯುವುದನ್ನು ಅವಳು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈ ಒರೆಸಿಕೊಂಡು ಹೀಗೆಂದಳು:

"ಹೆಸ್ರು ಬದ್ಲಾಯ್ಸಿದ್ದು ನಾನು, ಅದಕ್ಕೇ ಹೋದ್ಲು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಡಾಕ್ಟ್ರಮ್ಮ. ಮೈ ಕಾಯೋ ಜೀವ ಹೊರಗೆ ಅಲೀತಾ ಇತ್ತು, ಹಳೇ ಹೆಸರಲ್ಲಿ ಕೂಗಿದ್ರೆ ಬರ್ತಿತ್ತು, ಹೊಸ ಹೆಸ್ರು ಅದಕ್ಕೆ ಗೊತ್ತಿಲ್ಲ, ದಾರಿ ತಪ್ತು ಅಂತ. ಕೊನೇ ದಿನ ಕಿವೀಲಿ ಹಳೇ ಹೆಸ್ರು ಹೇಳಿ ಕರೆದೆ. ದುವಾನ್, ದುವಾನ್ ಅಂತ. ಕಣ್ಣು ಬಿಟ್ಟು, 'ಒಂದು ಮೊಟ್ಟೆ ಕೊಡು' ಅಂದ್ಲು. ಅಷ್ಟೇ, ಮತ್ತೆ ಮಾತಾಡ್ಲಿಲ್ಲ."

ನಾನು ಅತ್ತೆ. ಅವಳು ಅಳಲಿಲ್ಲ. ನನಗೆ ಬೈಯುತ್ತಾಳೆ, ಬೈಯಲಿ ಎಂದು ಕಾದು ಕೂತೆ. "ಆ ಹೆಸ್ರು ಚೆನ್ನಾಗೇ ಇತ್ತು. ಹೆಸರಿಂದ ಏನೂ ಆಗಿಲ್ಲ ಅಂತ ನೀವೇ ಹೇಳಿದ್ರಲ್ಲ ಈಗ, ಅದು ಸಾಕು ನಂಗೆ" ಎಂದಳು. ಹೊರಡುವಾಗ ಕೇಳಿದಳು, "ಈಗ ಮಾತ್ರೆ ನುಂಗೋ ಮಕ್ಕಳಿಗೆ ವಾರ ವಾರ ರಕ್ತ ನೋಡ್ತಾರೆ ತಾನೇ?" ನೋಡುತ್ತಾರೆ ಎಂದೆ. ಎಲ್ಲಿಯವರೆಗೆ ಎಂದು ಹೇಳಲು ಬಾಯಿ ಬರಲಿಲ್ಲ.

ಈಗ ನಾನು ಕೇಳುವುದು. ಮೂವತ್ತನೇ ತಾರೀಖು ಆ ವೇದಿಕೆಯ ಮೇಲೆ ನಿಂತು ನೀವೇ ಹೇಳಿ, ಒಂದು ಸಾವು ಆಗಿತ್ತು, ನಾವು ಅದನ್ನು ಸಾವೆಂದು ಬರೆಯಲಿಲ್ಲ ಎಂದು. ವಾರಕ್ಕೊಮ್ಮೆ ನೋಡುವ ಕಟ್ಟಲೆ ಉಳಿಯಲಿ. ಇಪ್ಪತ್ತರೊಳಗೆ ನಿಮ್ಮಿಂದ ಉತ್ತರ ಬಾರದಿದ್ದರೆ ಚೀಟಿ, ರಶೀದಿ, ನಾನು ಸಹಿ ಹಾಕಿದ ಕೋಷ್ಟಕ, ಮೂರನ್ನೂ ಸಮಿತಿಯ ಪ್ರತಿಯೊಬ್ಬರಿಗೂ ಕಳಿಸುತ್ತೇನೆ. ಬೆದರಿಕೆ ಎಂದುಕೊಳ್ಳಬೇಡಿ. ಮೊದಲು ಹೋಗುವುದು ನನ್ನ ಮಾನ, ಬಹುಶಃ ನನ್ನ ಕೆಲಸವೂ. ವಾರ್ಡಿನಲ್ಲಿ ಈಗ ಮಾತ್ರೆ ನುಂಗುವ ಒಂಬತ್ತು ಮಕ್ಕಳಿದ್ದಾರೆ, ಅವರನ್ನು ಯಾರಿಗೆ ಒಪ್ಪಿಸುವುದೆಂದು ಯೋಚಿಸಿಟ್ಟಿದ್ದೇನೆ. ನಿಮ್ಮ ಮೂವತ್ತು ವರ್ಷದ ದುಡಿಮೆ ಹಾಳಾಗುತ್ತದೆ ಎಂಬುದೂ ನನಗೆ ಗೊತ್ತು. ಅದರಲ್ಲಿ ಬಹುಪಾಲು ಒಳ್ಳೆಯ ದುಡಿಮೆ. ನಿಮ್ಮನ್ನು ನಾನು ದ್ವೇಷಿಸುವುದಿಲ್ಲ. ಹಾಗೆ ಮಾಡಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಸಕ್ಕರೆ ಕಾಯಿಲೆ ಬಂದಿದೆ ಎಂದು ಕೇಳಿದೆ. ಸಿಹಿ ಬಿಡಿ. ನಿಮ್ಮ ಕೈ ಕಳ್ಳ ಕೈ, ಡಬ್ಬಿ ಅಡಗಿಸಿಡಲು ಮನೆಯಲ್ಲಿ ಯಾರಾದರೂ ಇದ್ದಾರೆ ಎಂದುಕೊಳ್ಳುತ್ತೇನೆ.

ಒಂದು ಕಾಲಕ್ಕೆ ನಿಮ್ಮವಳು, ಈಗಲೂ ನಿಮ್ಮ ತಪ್ಪಿನಲ್ಲಿ ಪಾಲುಗಾರ್ತಿ,
ಕನ್ನಿಕಾ

ಮರೆತ ಮಾತಲ್ಲ, ಬರೆಯಲು ಕೈ ಬಾರದೆ ಉಳಿದ ಮಾತು: 'ಹೊಸ ಹೆಸರು ಸಿಕ್ಕಿತು' ಎಂದು ಮೇಲೆ ಬರೆದು ಜಾರಿಕೊಂಡೆ. ಹೆಸರು ಕೊಟ್ಟದ್ದು ಭಿಕ್ಕು ಅಲ್ಲ. ಯಾವ ಅಕ್ಷರ ಕೂಡದು ಎಂದಷ್ಟೇ ಅವರು ಹೇಳಿದ್ದರು. ಹೆಸರು ಕೇಳಿಕೊಂಡು ಬುವಾ ಬಂದದ್ದು ನನ್ನ ಹತ್ತಿರಕ್ಕೆ. "ಓದಿದೋರು ನೀವು, ನಿಮ್ಮ ಬಾಯಿಂದ್ಲೇ ಒಂದು ಒಳ್ಳೇ ಹೆಸ್ರು ಬರ್ಲಿ" ಎಂದಳು. ನಾಲ್ಕು ವರ್ಷದಿಂದ ಯಾರೂ ಕರೆಯದ ಒಂದು ಹೆಸರು ನನ್ನಲ್ಲಿತ್ತು. ಆ ಕೂಡದ ಅಕ್ಷರಗಳು ಅದರಲ್ಲಿರಲಿಲ್ಲ. ಅದನ್ನು ಹಿಡಿದು ಯಾರಾದರೂ ಒಂದು ಮಗುವನ್ನು ಕರೆಯುವುದನ್ನು ಕೇಳಬೇಕೆಂದು ನನಗೆ ಆಸೆಯಾಯಿತು, ಕೊಟ್ಟೆ. ಪಟ್ಟಿಯಲ್ಲಿ ತಿದ್ದಬೇಕೆಂದು ಹೊಳೆಯಲಿಲ್ಲ. ಸಹಿ ಹಾಕಿದ ಮೂರನೇ ದಿನ ನಮ್ಮ ಮಗಳ ಹೆಸರು, ಸಂಖ್ಯೆಯಿಲ್ಲದೆ, ಸೊನ್ನೆ ಲೆಕ್ಕದೊಂದಿಗೆ ನಿಮ್ಮ ಮೇಜಿಗೆ ಬಂತು. ನಿಮ್ಮನ್ನು ಚುಚ್ಚಲು ನಾನೇ ಕಳಿಸಿದೆ ಎಂದುಕೊಂಡಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ನೀವು ಫೋನ್ ಇಟ್ಟ ಹೊತ್ತಿಗೆ ಆರಯಾ ಇನ್ನೂ ಬದುಕಿದ್ದಳು, ಅವಳಿಗೆ ಜ್ವರ ಕೂಡ ಬಂದಿರಲಿಲ್ಲ.